ಖಾಲಿ ಮನೆಯ ವರದಿ

ಪಕ್ಕದ ಮನೆ ಖಾಲಿಯಾದದ್ದು ಗುರುವಾರ ಬೆಳಗ್ಗೆ. ಖಾಲಿ ಮಾಡಿದವಳು ಆ ಮನೆಯವಳೇ. ಸಾಮಾನೆಲ್ಲ ಬಂದು ಸೇರಿದ್ದು ನನ್ನ ಒಂದು ಕೋಣೆಯಲ್ಲಿ.

ಮೊದಲು ಹಾಸಿಗೆ ಸುರುಳಿ ಬಂತು. ಆಮೇಲೆ ಸ್ಟವ್, ಪಾತ್ರೆಗಳು, ಅಕ್ಕಿ ಡಬ್ಬ, ಬೇಳೆ ಡಬ್ಬ, ಕನ್ನಡಿ, ಬಾಚಣಿಗೆ, ಶಾಲೆಯ ಚೀಲ, ಒಂಟಿ ಕಾಲಿನ ಗೊಂಬೆ, ಗೋಡೆಗೆ ಅಂಟಿಸಿದ್ದ ಮಗುವಿನ ಚಿತ್ರಗಳು. ಚಿತ್ರಗಳನ್ನು ಒಂದೊಂದಾಗಿ, ಮೂಲೆ ಹರಿಯದ ಹಾಗೆ ಬಿಡಿಸಿದ್ದಳು. ಕೊನೆಗೆ ಮಂಚ ಬಂತು. ನೆಲದಲ್ಲಿ ಜಾಗವಿಲ್ಲದೆ ಅದನ್ನು ಬಾಗಿಲ ಪಕ್ಕದ ಗೋಡೆಗೆ ನೆಟ್ಟಗೆ ನಿಲ್ಲಿಸಿದಳು.

"ಇಷ್ಟೇನಾ? ಗೋಡೆ ಒಂದು ಉಳೀತಲ್ಲ," ಅಂದೆ.

"ಗೋಡೆ ಕಿತ್ರೆ ಮಾಲೀಕರು ಬಯ್ತಾರೆ ಟೈಪಮ್ಮ," ಅಂದಳು. ಅವಳ ಮುಖ ಹೊಳೆಯುತ್ತಿತ್ತು. ಕೈಯಲ್ಲಿ ಒದ್ದೆ ಬಟ್ಟೆ. "ಇವತ್ತು ಹತ್ತು ಗಂಟೆಗೆ ಮಕ್ಕಳ ಇಲಾಖೆಯಿಂದ ಬ್ಯಾಗಿನ ಮೇಡಂ ಮನೆ ನೋಡೋಕೆ ಬರ್ತಾರೆ. ಪಾಳಿಗೆ ರಜೆ ಹಾಕಿದ್ದೀನಿ, ಮಗೂನೂ ಮನೇಲೇ ಇಟ್ಕೊಂಡಿದ್ದೀನಿ. ಇನ್‌ಸ್ಪೆಕ್ಷನ್ನು. ನಮ್ಮನೇಲಿ ಒಂದು ತಪ್ಪು ಹುಡುಕ್ಲಿ ನೋಡೋಣ."

ನಾನು ಅವಳನ್ನು ಕೇಳಬೇಕಿತ್ತು. ಒರೆಸಿದ ಮೇಲೆ ಸಾಮಾನು ವಾಪಸ್ ಒಯ್ಯುತ್ತಾಳೆ ಅಂದುಕೊಂಡೆ. ಮೂವತ್ತೊಂದು ವರ್ಷ ಇಂಥದೇ ಒಂದು ಇಲಾಖೆಯಲ್ಲಿ ಇಂಥವೇ ವರದಿಗಳನ್ನು ಟೈಪ್ ಮಾಡಿದವಳು ನಾನು. ಆದರೂ ಕೇಳಲಿಲ್ಲ. ಆ ತಪ್ಪು ನನ್ನದು.

ಅವಳು ಆಸ್ಪತ್ರೆಯ ಲಾಂಡ್ರಿಯಲ್ಲಿ ಬಟ್ಟೆ ಒಗೆಯುವವಳು. ನಮ್ಮ ವಠಾರದವರಿಗೆಲ್ಲ ಲಾಂಡ್ರಿ ಅಕ್ಕ. ತಂಗಿ ಸತ್ತ ಮೇಲೆ ತಂಗಿಯ ಮಗಳನ್ನು ಸಾಕುತ್ತಿದ್ದಾಳೆ. ಮಗುವಿಗೆ ಒಂಬತ್ತು ವರ್ಷ. ಆಳು ಚಿಕ್ಕದು, ಸಿಡಿಯುವುದು ಜೋರು. ಹಾಗಾಗಿ ಎಲ್ಲರೂ ಸಾಸಿವೆ ಅನ್ನುತ್ತೇವೆ. ಅವಳು ಇವಳನ್ನು ದೊಡ್ಡಮ್ಮ ಅನ್ನುತ್ತಾಳೆ. ನಾನು ಟೈಪ್ ಮಾಡುತ್ತಿದ್ದೆ ಅಂತ ತಿಳಿದ ದಿನದಿಂದ ನಾನು ಟೈಪಮ್ಮ.

ಇಲಾಖೆಗೂ ಇವರಿಗೂ ಗಂಟು ಬಿದ್ದದ್ದು ಶಾಲೆಯಿಂದ. ಮೊದಲ ಪಿರಿಯಡ್ಡಿನಲ್ಲಿ ಸಾಸಿವೆ ತೂಕಡಿಸುತ್ತಾಳೆ ಅಂತ ಶಾಲೆಯವರು ಪತ್ರ ಬರೆದರು. ತೂಕಡಿಸುವುದು ನಿಜ. ದೊಡ್ಡಮ್ಮನ ಪಾಳಿ ಆರಕ್ಕೆ. ಐದಕ್ಕೇ ಈ ಮಗು ತಾನಾಗಿ ಎದ್ದು, ಟಾರ್ಚ್ ಹಿಡಿದು ಮೆಟ್ಟಿಲ ಮೇಲೆ ನಿಲ್ಲುತ್ತದೆ. ಬಸ್ಸಿನ ತಿರುವಿನವರೆಗೂ ದೊಡ್ಡಮ್ಮನ ಕಾಲಿನ ಮುಂದೆ ಬೆಳಕು ಬಿಡುತ್ತದೆ. "ಮಲಕ್ಕೊಳೇ ಕತ್ತೆ," ಅಂತ ಅವಳು ದಿನವೂ ಬಯ್ಯುತ್ತಾಳೆ. ದಿನವೂ ತಿರುವಿನಲ್ಲಿ ನಿಂತು ಕೈ ಬೀಸುತ್ತಾಳೆ. ಇದನ್ನು ಯಾರೂ ಅವರಲ್ಲಿ ಕೇಳಲಿಲ್ಲ. ಕೇಳದೆಯೇ ಕಡತ ತೆರೆದರು.

ಸರಿ, ಹತ್ತು ಗಂಟೆಯಾಯಿತು. ಮೇಡಂ ಬಂದರು. ಸದ್ದು ಕೇಳಿ ನಾನು ಹೊರಗೆ ಹೋಗೋಣ ಅಂತ ಎದ್ದೆ. ನನ್ನ ಸೆರಗು ಮಂಚದ ಕಾಲಿಗೆ ಸಿಕ್ಕಿತು. ಮಂಚ ಜಾರಿ ಬಾಗಿಲಿಗೆ ಅಡ್ಡ ಬಿತ್ತು. ಬಾಗಿಲು ಒಳಕ್ಕೆ ತೆರೆಯುವಂಥದ್ದು. ನನಗೆ ಎಪ್ಪತ್ತೊಂದು. ಮಂಡಿ ಎರಡೂ ನನ್ನ ಮಾತು ಕೇಳುವುದು ಬಿಟ್ಟು ಬಹಳ ದಿನವಾಗಿದೆ. ಎತ್ತಲು ನೋಡಿದೆ. ಮಂಚ ಅಲ್ಲಾಡಲಿಲ್ಲ, ನಾನು ಅಲ್ಲಾಡಿದೆ.

ನಮ್ಮ ಎರಡು ಮನೆಗಳ ನಡುವೆ ಇರುವುದು ಹಲಗೆಯ ಗೋಡೆ. ಆ ಕಡೆ ಸಾಸಿವೆ ಬಿಕ್ಕಳಿಸಿದರೆ ಈ ಕಡೆಯಿಂದ ನಾನು "ನೀರು ಕುಡಿಯೇ" ಅನ್ನುತ್ತೇನೆ. ಹಾಗಾಗಿ ನಡೆದದ್ದೆಲ್ಲ ನನಗೆ ಕೇಳಿಸಿತು.

"ಮಗು ಎಲ್ಲಿ ಮಲಗುತ್ತೆ?"

"ಇಲ್ಲೇ ಮೇಡಂ."

"ಹಾಸಿಗೆ?"

"ಇಲ್ಲ ಮೇಡಂ! ಏನೂ ಇಲ್ಲ. ಎಲ್ಲಾ ಕಡೆ ನೋಡಿ. ಒಂದು ಕೂದಲು ಸಿಗಲ್ಲ."

"ಆಟದ ಸಾಮಾನು?"

"ಒಂದೂ ಇಲ್ಲ!"

ಆ ಹೆಮ್ಮೆ ವರದಿಯಲ್ಲಿ ಹೇಗೆ ಕೂರುತ್ತದೆ ಅಂತ ನನಗೆ ಆಗಲೇ ಗೊತ್ತಾಯಿತು.

"ಅಡುಗೆ ಎಲ್ಲಿ ಮಾಡ್ತೀರಾ?"

"ಇವತ್ತು ಮಾಡಿಲ್ಲ ಮೇಡಂ. ಮಾಡಿದ್ರೆ ಜಿಡ್ಡಾಗುತ್ತಲ್ಲ."

ನಾನು ಹಲಗೆ ಗೋಡೆಯನ್ನು ದಬದಬ ಬಡಿದೆ. "ಸಾಮಾನು ಇಲ್ಲಿದೆ! ಎಲ್ಲಾ ಇಲ್ಲಿದೆ!" ಅಂತ ಕೂಗಿದೆ. ಎಡಗೈಯಲ್ಲಿ ಅಕ್ಕಿ ಡಬ್ಬ ಹಿಡಿದು ಅದರಿಂದಲೂ ಬಡಿದೆ. ನನ್ನ ಗಂಟಲು ದೊಡ್ಡದಲ್ಲ. ಡಬ್ಬದ್ದು ದೊಡ್ಡದು; ಆ ಕಡೆಗೆ ಕೇಳಿಸಿದ್ದು ಅದರದ್ದೇ.

"ಏನದು ಸದ್ದು?" ಅಂದರು ಮೇಡಂ.

"ಪಕ್ಕದ ಅಜ್ಜಿ ಮೇಡಂ. ವಯಸ್ಸಾಗಿದೆ, ಪಾಪ. ತುಂಬಾ ಒಳ್ಳೆಯವರು."

ಮೇಡಂ ಹೋದರು. ಲಾಂಡ್ರಿ ಅಕ್ಕ ಬಂದು ಭುಜ ಕೊಟ್ಟು ಬಾಗಿಲು ತಳ್ಳಿದಳು. "ಪಾಸು ಟೈಪಮ್ಮ! ಅವರಿಗೆ ಬರೆಯೋಕೆ ಮಾತೇ ಸಿಗಲಿಲ್ಲ. ನಾಲ್ಕು ಹಾಳೆ ತುಂಬಾ ಬರ್ಕೊಂಡ್ರು," ಅಂದಳು. ಎರಡು ಮಾತು ಒಂದಕ್ಕೊಂದು ಹೊಂದುವುದಿಲ್ಲ ಅಂತ ಅವಳಿಗೆ ಆಗ ಹೊಳೆಯಲಿಲ್ಲ.

ಶನಿವಾರ ಪತ್ರ ಬಂತು. ಜೊತೆಗೆ ವರದಿಯ ಪ್ರತಿ. ಅವಳು ಅದನ್ನು ನನ್ನ ಕೈಗೆ ಕೊಟ್ಟು, ವಾಪಸ್ ತನ್ನ ಮನೆ ಸೇರಿದ್ದ ಮಂಚದ ತುದಿಯಲ್ಲಿ ಕೂತಳು. ಸಾಸಿವೆ ಅವಳ ಕಾಲ ಬಳಿ ಚಿತ್ರ ಬರೆಯುತ್ತಿದ್ದಳು. ನಾನು ಓದಿದೆ.

"ಮನೆಯಲ್ಲಿ ಹಾಸಿಗೆ, ಆಹಾರ, ಪಾತ್ರೆ, ಆಟಿಕೆ ಯಾವುದೂ ಕಂಡುಬರಲಿಲ್ಲ. ಮಗುವಿನ ಇರುವಿಕೆಯ ಯಾವ ಗುರುತೂ ಮನೆಯಲ್ಲಿ ಇಲ್ಲ. ಪಾಲಕಿ ಈ ಬಗ್ಗೆ ಪಶ್ಚಾತ್ತಾಪ ತೋರಲಿಲ್ಲ, ಬದಲಿಗೆ ಹರ್ಷ ವ್ಯಕ್ತಪಡಿಸಿದರು."

ಲಾಂಡ್ರಿ ಅಕ್ಕ ನಗಲು ಶುರು ಮಾಡಿದಳು. ನಾನು ನಗಲಿಲ್ಲ. ಅವಳ ನಗೆ ಅರ್ಧಕ್ಕೇ ನಿಂತಿತು.

"ಮುಂದೆ ಓದಿ," ಅಂದಳು.

"ಈ ಹಿಂದೆ ಎರಡು ಬಾರಿ ಕಚೇರಿಗೆ ಕರೆದರೂ ಬರಲಿಲ್ಲ. ಸಹಕರಿಸುವುದಿಲ್ಲ."

"ಬೆಳಗ್ಗೆ ಪಾಳೀಲಿ ಕರೆದ್ರೆ ಹೆಂಗೆ ಹೋಗ್ಲಿ?"

"ಮೂರನೆಯ ಬಾರಿ ಬಂದಾಗ ಕುಳಿತು ಮಾತನಾಡಲು ನಿರಾಕರಿಸಿದರು."

"ಕೂತ್ಕೋ ಅಂತ ಯಾರಂದ್ರು? ಎರಡು ಗಂಟೆ ನಿಲ್ಸಿದ್ರು. ಎದುರಿಗೆ ಕುರ್ಚಿ ಖಾಲಿ ಇತ್ತು. ನನ್ನ ಬಟ್ಟೇಲಿ ಬ್ಲೀಚಿನ ವಾಸನೆ ಅಂತ ಒಬ್ರು ಫ್ಯಾನು ಜೋರು ಮಾಡಿದ್ರು."

"ನೆರೆಯಲ್ಲಿ ಗೋಡೆ ಬಡಿಯುವ ಮಾನಸಿಕ ಅಸ್ವಸ್ಥ ವೃದ್ಧೆ ವಾಸವಿದ್ದಾರೆ. ಪರಿಸರ ಮಗುವಿಗೆ ಸೂಕ್ತವಲ್ಲ."

ಸಾಸಿವೆ ತಲೆ ಎತ್ತಿದಳು. "ಅದು ಯಾರು ಟೈಪಮ್ಮ?"

"ನಾನೇ ಕಣೇ."

"ಅಯ್ಯೋ," ಅಂದಳು ಸಾಸಿವೆ, ನನ್ನನ್ನು ಹೊಸಬಳ ಹಾಗೆ ನೋಡುತ್ತ. "ಕಚ್ತೀರಾ?"

ಕೊನೆಯ ಸಾಲನ್ನು ದನಿ ತಗ್ಗಿಸಿ ಓದಿದೆ. ಮಗುವನ್ನು ಮಕ್ಕಳ ನಿಲಯಕ್ಕೆ ಕಳುಹಿಸಲು ಶಿಫಾರಸು ಮಾಡಿದ್ದರು. ಸೋಮವಾರ ಹನ್ನೊಂದಕ್ಕೆ ಸಮಿತಿಯ ಮುಂದೆ ಬರಬೇಕು. ಮಗುವಿನ ಬಟ್ಟೆ ಚೀಲದೊಂದಿಗೆ.

ಲಾಂಡ್ರಿ ಅಕ್ಕ ತನ್ನ ಕೈಗಳನ್ನು ನೋಡುತ್ತ ಕೂತಳು. ಆ ಕೈಗಳ ಬಗ್ಗೆ ಹೇಳಬೇಕು. ಬ್ಲೀಚಿನಲ್ಲಿ ಅದ್ದಿ ಅದ್ದಿ ಬೆರಳ ತುದಿಯ ಚರ್ಮ ಸುಲಿದಿರುತ್ತದೆ. ಉಗುರು ಹಳದಿ. ಬೆಳಗ್ಗೆ ಮುಷ್ಟಿ ಬಿಗಿಯಲಾಗುವುದಿಲ್ಲ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಅವಳ ಕೆಲಸ. ಮೇಲಿನ ಮಹಡಿಗಳಿಂದ ಬಂಡಿಗಟ್ಟಲೆ ಚಾದರ ಇಳಿದು ಬರುತ್ತದೆ. ರಕ್ತದ್ದು, ವಾಂತಿಯದು, ಹೇಲಿನದು. ಮೊದಲು ಕೈಯಲ್ಲಿ ತಿಕ್ಕಬೇಕು, ಆಮೇಲೆ ಯಂತ್ರ. ಒದ್ದೆ ಚಾದರದ ರಾಶಿ ಹೆಣದಷ್ಟು ಭಾರ. ಇಬ್ಬರು ಹೆಂಗಸರು ಸೊಂಟ ಕೊಟ್ಟು ಎತ್ತುತ್ತಾರೆ. ಮೇಲೆ ಮಲಗಿದವರಿಗೆ ಚಾದರ ಬೆಳ್ಳಗೆ ಬರುತ್ತದೆ. ಬೆಳ್ಳಗೆ ಮಾಡಿದವಳು ಬಸ್ಸು ಹತ್ತಿದರೆ ಪಕ್ಕದವರು ಎದ್ದು ಹೋಗುತ್ತಾರೆ.

"ನಮ್ಮಲ್ಲಿ ಇನ್‌ಸ್ಪೆಕ್ಷನ್ ಅಂದ್ರೆ ಖಾಲಿ ಟೈಪಮ್ಮ," ಅಂದಳು ನಿಧಾನವಾಗಿ. "ನೆಲದ ಮೇಲೆ ಏನೂ ಇರಬಾರ್ದು. ಮೇಜಿನ ಮೇಲೆ ಏನೂ ಇರಬಾರ್ದು. ಗೋಡೇಗೆ ಏನೂ ನೇತಾಡಬಾರ್ದು. ಒಂದ್ಸಲ ಒಂದು ದಿಂಬಿನ ಕವರು ಮರೆತುಬಿಟ್ಟೆ. ದಿನವಿಡೀ ಅದನ್ನ ತಲೆ ಮೇಲೆ ಹಾಕಿ ಬಾಗಿಲ ಹತ್ರ ನಿಲ್ಸಿದ್ರು. ಹದಿನಾಲ್ಕು ವರ್ಷದಿಂದ ಇದೇ. ನಾನು ಕಲಿತಿದ್ದನ್ನ ಮಾಡ್ದೆ."

ಅವಳು ಕಲಿತಿದ್ದನ್ನು ಮಾಡಿದಳು. ಮೇಡಂ ಕೂಡ ಕಲಿತಿದ್ದನ್ನೇ ಬರೆದರು. ಒಬ್ಬರಿಗೆ ಖಾಲಿ ಅಂದರೆ ಶುದ್ಧ. ಇನ್ನೊಬ್ಬರಿಗೆ ಖಾಲಿ ಅಂದರೆ ನಿರ್ಲಕ್ಷ್ಯ. ಇದ್ದದ್ದು ಅದೇ ಹತ್ತು ಅಡಿ ನೆಲ. ಆದರೆ ಒಬ್ಬರ ಕೈಯಲ್ಲಿ ಒದ್ದೆ ಬಟ್ಟೆ ಇತ್ತು, ಇನ್ನೊಬ್ಬರ ಕೈಯಲ್ಲಿ ಪೆನ್ನು. ಮಗು ಹೋಗುವುದು ಪೆನ್ನು ಹೇಳಿದ ಕಡೆಗೆ.

ಆಗ ನಾನು ಯಾರಿಗೂ ಹೇಳದಿದ್ದ ಒಂದು ಸಂಗತಿ ಅವಳಿಗೆ ಹೇಳಿದೆ.

ನಾನು ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಒಬ್ಬ ಚಪ್ಪಲಿ ಹೊಲಿಯುವವನ ಕಡತ ಬಂತು. "ಕುಡಿಯುತ್ತಾರೆ ಎಂದು ನೆರೆಯವರು ಹೇಳುತ್ತಾರೆ," ಅಂತ ಬರೆದಿತ್ತು. ಹೊಸ ಪ್ರತಿ ಮಾಡುವಾಗ ಸಾಲು ಉದ್ದವಾಯಿತು, ಹಾಳೆಯ ಅಂಚು ಬಂತು. "ಕುಡಿಯುತ್ತಾರೆ," ಅಂತಷ್ಟೇ ಟೈಪ್ ಮಾಡಿದೆ. ಮೂರನೆಯ ಪ್ರತಿಯಲ್ಲಿ ಮತ್ತೊಬ್ಬರು "ಮದ್ಯವ್ಯಸನಿ" ಅಂತ ಮಾಡಿದರು. ಆರು ವರ್ಷದ ಮೇಲೆ ಅವನು ಸಮಿತಿಯ ಮುಂದೆ ನಿಂತು, ನಾನು ಕುಡಿದವನೇ ಅಲ್ಲ ಸ್ವಾಮಿ ಅಂದ. ಸುಳ್ಳು ಹೇಳುವ ಅಭ್ಯಾಸವೂ ಇದೆ ಅಂತ ಸೇರಿಸಿದರು. ಅದನ್ನೂ ನಾನೇ ಟೈಪ್ ಮಾಡಿದೆ. ಒಂದೂ ತಪ್ಪಿಲ್ಲದೆ.

ಹೇಳಿ ಮುಗಿಸಿ ತಲೆ ತಗ್ಗಿಸಿದೆ. ಲಾಂಡ್ರಿ ಅಕ್ಕ ನನ್ನನ್ನು ಬಯ್ಯಬಹುದಿತ್ತು. ಎದ್ದು ಹೋಗಿ ಸ್ಟವ್ ಹಚ್ಚಿ ಚಹಾ ಮಾಡಿ ತಂದಳು. ಸಕ್ಕರೆ ನನಗೆ ಬೇಕಾದಷ್ಟೇ ಹಾಕಿದ್ದಳು.

"ಕಲೆ ಕೂತುಬಿಟ್ರೆ ಹೆಂಗೆ ತೆಗೀತೀವಿ ಗೊತ್ತಾ ಟೈಪಮ್ಮ?" ಅಂದಳು. "ಮೊದಲು ಬೆಳಕಿಗೆ ಹಿಡೀತೀವಿ."

ಚಹಾ ಮುಗಿಯುವಷ್ಟರಲ್ಲಿ ಅವಳ ಮುಖಕ್ಕೆ ಹಳೆಯ ಕುಚೋದ್ಯ ಮರಳಿತ್ತು. "ಮನೇಲಿ ಏನೂ ಇಲ್ಲ ಅಂದ್ರಲ್ಲ. ತಗೊಂಡು ಹೋಗೋಣ."

"ಏನನ್ನ?"

"ಮನೇನ."

ಸೋಮವಾರ ಲಾಂಡ್ರಿಯಿಂದ ಎರಡು ಬಂಡಿ ಬಂದವು. ಚಾದರ ತಳ್ಳುವ ಎತ್ತರದ ಗಾಲಿಬಂಡಿಗಳು. ತಳ್ಳಿಕೊಂಡು ಬಂದವರು ರಾತ್ರಿ ಪಾಳಿ ಮುಗಿಸಿದ ನಾಲ್ವರು ಹೆಂಗಸರು. ನಿದ್ದೆಗೆಟ್ಟ ಕಣ್ಣು, ನೆನೆದು ಬೆಳ್ಳಗಾದ ಪಾದ. ಮನೆಗೆ ಹೋಗಿ ಮಲಗಬೇಕಾದವರು. "ನಮ್ಮ ಮಗೂನೂ ಹೌದಲ್ವಾ?" ಅಂದಳು ಅವರಲ್ಲಿ ಹಿರಿಯಳು. ಮಂಚವನ್ನು ಒಂದೇ ಉಸಿರಿಗೆ ಎತ್ತಿ ಮೇಲೆ ಹಾಕಿದರು. ನಾನು ಗುರುವಾರ ಅಲ್ಲಾಡಿಸಲಾಗದ ಮಂಚ.

ಮೆರವಣಿಗೆ ಹೊರಟಿತು. ಮುಂದಿನ ಬಂಡಿಯಲ್ಲಿ ಹಾಸಿಗೆಯ ಮೇಲೆ ಸಾಸಿವೆ, ತೊಡೆಯ ಮೇಲೆ ಒಂಟಿ ಕಾಲಿನ ಗೊಂಬೆ. ಹಿಂದಿನ ಬಂಡಿಯಲ್ಲಿ ಪಾತ್ರೆಗಳು, ಪ್ರತಿ ಹಳ್ಳಕ್ಕೂ ಗಲಗಲ. ಪಕ್ಕದಲ್ಲಿ ನನ್ನ ಮಂಡಿಗಳೂ ನಾನೂ. ರಸ್ತೆಯವರು ನಿಂತು ನೋಡಿದರು. ಒಬ್ಬ ತರಕಾರಿಯವನು ತನ್ನ ಗಾಡಿ ಹಿಂದಕ್ಕೆ ಎಳೆದು ದಾರಿ ಬಿಟ್ಟ. ಸಾಸಿವೆ ಅವನಿಗೆ ರಾಣಿಯ ಹಾಗೆ ಕೈ ಬೀಸಿದಳು.

ಕಚೇರಿಯ ಬಾಗಿಲಲ್ಲಿ ಜವಾನ ಎದ್ದು ನಿಂತ. "ಏನಮ್ಮ ಇದು, ಮನೆ ಬದಲಾಯಿಸ್ತಿದ್ದೀರಾ?"

"ಹೂನಣ್ಣ. ಇಲ್ಲಿಗೇ," ಅಂದಳು ಲಾಂಡ್ರಿ ಅಕ್ಕ.

ಅವನು ನಕ್ಕ. ಆಮೇಲೆ ಮಗುವಿನ ಮುಖ ನೋಡಿದ. ನಗು ನಿಲ್ಲಿಸಿದ. "ಬಂಡಿ ಒಳಗೆ ಬಿಡೋ ಹಾಗಿಲ್ಲ. ಆದ್ರೆ ಹಿಂದಿನ ಬಾಗಿಲು ಅಗಲ ಇದೆ. ಅದು ತೆರೆದಿರೋದು ನನಗೆ ಗೊತ್ತಿಲ್ಲ," ಅಂದ. ಬಂಡಿಗಳು ಸಾಸಿವೆಯ ಸಮೇತ ಆ ಕಡೆ ತಿರುಗಿದವು.

ಒಳಗೆ ಉದ್ದನೆಯ ಮೇಜು. ಅದರಾಚೆ ಸಮಿತಿಯ ಮೂವರು. ನಡುವಿನವರು ಸಾಹೇಬರು. ಕನ್ನಡಕ ಹಣೆಯ ಮೇಲೆ. ಮೇಜಿನ ಕೊನೆಗೆ, ಬೇರೆಯಾಗಿ, ಬ್ಯಾಗಿನ ಮೇಡಂ. ಅವರನ್ನು ನಾನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಚಿಕ್ಕ ವಯಸ್ಸು. ಕಣ್ಣ ಕೆಳಗೆ ಕಪ್ಪು. ಚಪ್ಪಲಿಯ ಬಾರು ಪಿನ್ನಿನಲ್ಲಿ ನಿಂತಿತ್ತು. ಇವರನ್ನೂ ಯಾರೋ ಬಿಸಿಲಲ್ಲಿ ಓಡಿಸುತ್ತಿದ್ದಾರೆ ಅನ್ನಿಸಿತು.

ಮೇಜಿನ ಈಚೆ ಕುರ್ಚಿಯಿತ್ತು. ಯಾರೂ ಕೂರು ಅನ್ನಲಿಲ್ಲ. ಜವಾನ ಸದ್ದಿಲ್ಲದೆ ತನ್ನ ಸ್ಟೂಲನ್ನೂ ತಂದು ಕುರ್ಚಿಯ ಪಕ್ಕ ಇಟ್ಟು ಹೋದ. ನಾವಿಬ್ಬರೂ ಕೂತೆವು. ಲಾಂಡ್ರಿ ಅಕ್ಕ ಗಟ್ಟಿಯಾಗಿ ಅಂದಳು, "ಕೂತಿದ್ದೀನಿ ಸಾರ್. ಬರ್ಕೊಳ್ಳಿ."

ಸಾಹೇಬರು ಕನ್ನಡಕ ಇಳಿಸಿದರು. ವರದಿ ಓದಿದರು. ಒಂದು ಹಾಳೆ ಮುಂದಕ್ಕೆ ತಳ್ಳಿದರು.

"ಇದು ಒಪ್ಪಿಗೆ ಪತ್ರ. ನೀವಾಗಿ ಮಗೂನ ಒಪ್ಪಿಸ್ತಿದ್ದೀರಿ ಅಂತ. ಜಗಳ ಬೇಡ. ಆರು ತಿಂಗಳು ನಿಲಯದಲ್ಲಿ ಇರ್ಲಿ. ನೀವು ಸುಧಾರಿಸಿಕೊಂಡ್ರೆ ವಾಪಸ್ ಕೊಡ್ತೀವಿ."

"ಏನು ಸುಧಾರಿಸ್ಬೇಕು ಸಾರ್?"

"ಎಲ್ಲಾ ಬರೆದಿದೆಯಲ್ಲಮ್ಮ. ನಿರ್ಲಕ್ಷ್ಯ. ಅಸಹಕಾರ. ಮಗೂಗೆ ಹಾಸಿಗೆ ಸಹ ಇಲ್ಲ."

ಪೆನ್ನಿನ ಮುಚ್ಚಳ ತೆಗೆದು ಅವಳ ಕಡೆ ಹಿಡಿದರು. ಅವಳು ತೆಗೆದುಕೊಂಡಳು. ಆ ಬೆರಳುಗಳಲ್ಲಿ ಪೆನ್ನು ಸರಿಯಾಗಿ ಕೂರುವುದಿಲ್ಲ.

ಅವಳು ಪೆನ್ನಿನ ಮುಚ್ಚಳ ಮತ್ತೆ ಹಾಕಿದಳು. ಮೇಜಿನ ಮೇಲೆ ಇಟ್ಟಳು.

"ಸಾರ್, ಈ ಕಾಗದದಲ್ಲಿ ಒಬ್ಬ ಹೆಂಗಸಿದ್ದಾಳಲ್ಲ. ಮಗೂಗೆ ಊಟ ಹಾಕಲ್ಲ. ಹಾಸಿಗೆ ಕೊಡಲ್ಲ. ಕರೆದ್ರೆ ಬರಲ್ಲ. ಬಂದ್ರೆ ಕೂರಲ್ಲ. ಮಗು ಬರೀ ನೆಲದ ಮೇಲೆ ಮಲಗಿದ್ರೆ ಖುಷಿ ಪಡ್ತಾಳೆ. ಅಲ್ವಾ?"

"ಹೌದು."

"ಅವಳ ಕೈಗೆ ದಯವಿಟ್ಟು ಮಗು ಕೊಡಬೇಡಿ ಸಾರ್. ನಾನಾದ್ರೂ ಕೊಡಲ್ಲ. ಬೆಕ್ಕಿನ ಮರೀನೂ ಕೊಡಲ್ಲ." ಅವಳು ಮುಂದಕ್ಕೆ ಬಾಗಿದಳು. "ಆದ್ರೆ ಅವಳು ಯಾರು? ನನಗೆ ಅವಳ ಪರಿಚಯ ಇಲ್ಲ. ಅವಳ ಪರವಾಗಿ ನಾನು ಹೆಂಗೆ ಸಹಿ ಹಾಕ್ಲಿ? ಅವಳನ್ನೇ ಕರೆಸಿ."

ಸಾಹೇಬರ ಪಕ್ಕದವರೊಬ್ಬರು ಕೆಮ್ಮಿದರು. ಅದು ಕೆಮ್ಮಲ್ಲ, ನಗೆ. ಸಾಹೇಬರು ಮುಖ ಗಂಟು ಹಾಕಿದರು.

"ನೋಡಮ್ಮ, ತಮಾಷೆ ಮಾಡೋ ಜಾಗ ಅಲ್ಲ ಇದು."

"ತಮಾಷೆ ನಾನು ಮಾಡಿಲ್ಲ ಸಾರ್. ನನ್ನ ಮನೆ ನಾನು ಒರೆಸಿದೆ. ಅದಕ್ಕೆ ನನ್ನ ಮಗೂನ ಕಿತ್ಕೊಳ್ತೀರಾ. ಇದಕ್ಕಿಂತ ತಮಾಷೆ ನನಗೆ ಬರಲ್ಲ. ಸಹಿ ಹಾಕಲ್ಲ."

"ಹಾಕಲ್ಲ ಅಂದ್ರೆ ಅದನ್ನೂ ಬರೀಬೇಕಾಗುತ್ತೆ. ಸಹಕರಿಸುವುದಿಲ್ಲ ಅಂತ."

"ಬರೀರಿ. ಇದೊಂದು ಮಾತ್ರ ನಿಜ."

ಅವಳು ಹಿಂದಿನ ಬಾಗಿಲ ಕಡೆ ತಿರುಗಿ "ಬನ್ರೇ" ಅಂದಳು.

ಮಂಚ ಒಳಗೆ ಬಂತು. ಒಂದು ತುದಿಯನ್ನು ಜವಾನ ಹಿಡಿದಿದ್ದ. ಹಾಸಿಗೆ ಬಂತು, ಸ್ಟವ್ ಬಂತು, ಡಬ್ಬಗಳು ಬಂದವು. ಹೆಂಗಸರಿಗೆ ಹೇಳಬೇಕಾಗಿಯೇ ಇರಲಿಲ್ಲ. ಹದಿನಾಲ್ಕು ವಾರ್ಡುಗಳಿಗೆ ಹಾಸಿಗೆ ಸಿದ್ಧ ಮಾಡುವ ಕೈಗಳು. ಕಣ್ಣು ಮುಚ್ಚಿ ತೆರೆಯುವುದರಲ್ಲಿ ಸಮಿತಿಯ ಕೋಣೆಯಲ್ಲಿ ಒಂದು ಮನೆ ಎದ್ದಿತ್ತು. ಚಾದರದ ನಾಲ್ಕು ಮೂಲೆ ಆಸ್ಪತ್ರೆಯವರ ಹಾಗೆ ಬಿಗಿಯಾಗಿ ಮಡಿಸಿತ್ತು. ಸಾಸಿವೆ ತನ್ನ ಚಿತ್ರಗಳನ್ನು ಸಾಹೇಬರ ಮೇಜಿನ ಮುಂಭಾಗಕ್ಕೆ ಸಾಲಾಗಿ ಅಂಟಿಸಿದಳು. ಆಮೇಲೆ ಮಂಚ ಹತ್ತಿ ಗೊಂಬೆ ತಬ್ಬಿಕೊಂಡು ಮಲಗಿದಳು. "ನಾನು ಇಲ್ಲಿ ಮಲಗ್ತೀನಿ. ಗೋಡೆ ಕಡೆ ದೊಡ್ಡಮ್ಮ. ಅವರು ಗೊರಕೆ ಹೊಡೀತಾರೆ. ಅದನ್ನ ಬರ್ಕೊಳ್ಳಿ," ಅಂದಳು.

"ಇದೇನು ಕಚೇರಿನೋ ಸಂತೆಯೋ!" ಅಂದರು ಸಾಹೇಬರು. "ವರದಿ ಬರೆದಾಗಿದೆ. ಬದಲಾಯಿಸೋಕೆ ಆಗಲ್ಲ. ಆವತ್ತು ಮನೇಲಿ ಇವೆಲ್ಲ ಇರಲಿಲ್ಲ, ಅಷ್ಟೇ."

ನಾನು ಎದ್ದು ನಿಂತೆ. "ಆವತ್ತು ಇವೆಲ್ಲ ನನ್ನ ಕೋಣೆಯಲ್ಲಿದ್ವು ಸಾರ್."

"ತಾವು ಯಾರು?"

"ವರದಿಯ ನಾಲ್ಕನೇ ಪುಟದಲ್ಲಿದ್ದೀನಿ. ಗೋಡೆ ಬಡಿಯುವ ವೃದ್ಧೆ."

ಈ ಸಲ ಪಕ್ಕದವರು ಕೆಮ್ಮಿನ ನಾಟಕ ಮಾಡಲಿಲ್ಲ. ನಕ್ಕೇಬಿಟ್ಟರು. ಬ್ಯಾಗಿನ ಮೇಡಂ ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡರು.

ನಡೆದದ್ದನ್ನೆಲ್ಲ ಹೇಳಿದೆ. ಲಾಂಡ್ರಿಯ ಇನ್‌ಸ್ಪೆಕ್ಷನ್ನು, ಖಾಲಿ ನೆಲ, ತಲೆಯ ಮೇಲಿನ ದಿಂಬಿನ ಕವರು, ಬಾಗಿಲಿಗೆ ಬಿದ್ದ ಮಂಚ, ಐದು ಗಂಟೆಯ ಟಾರ್ಚು. ಸಾಹೇಬರು ಕೇಳಿದರು. ಕೇಳಿ, "ಇದೆಲ್ಲ ಬಾಯಿಮಾತು," ಅಂದರು. "ನಮಗೆ ಬೇಕಾಗಿರೋದು ಬರೆದಿದ್ದು."

ಬರೆದದ್ದರ ವಿಷಯ ನನಗೆ ಗೊತ್ತು. ನಮ್ಮ ಕಚೇರಿಯಲ್ಲಿ ಒಂದು ಪದ್ಧತಿ ಇತ್ತು. ಮನೆ ನೋಡಲು ಹೋದವರು ಕೈಬರಹದ ಪುಸ್ತಕ ತರುತ್ತಾರೆ. ಪೆನ್ನಿನಲ್ಲಿ ಬರೆದದ್ದನ್ನು ಟೈಪ್ ಮಾಡಬೇಕು. ಪೆನ್ಸಿಲ್ಲಿನಲ್ಲಿ ಬರೆದದ್ದನ್ನು ಬಿಡಬೇಕು. ಪೆನ್ಸಿಲ್ಲಿನದು ಅವರ ಸ್ವಂತದ್ದು, ಇಲಾಖೆಯದಲ್ಲ. ಮೂವತ್ತೊಂದು ವರ್ಷ ಅಂಥ ಸಾಲುಗಳನ್ನು ಓದಿ ಬಿಟ್ಟಿದ್ದೇನೆ. ವರದಿಯಲ್ಲಿ ಮನುಷ್ಯರು ಇದ್ದದ್ದು ಅಲ್ಲೇ.

"ಮಗಳೇ," ಅಂದೆ ಮೇಡಂಗೆ. ಮೇಡಂ ಅನ್ನಬೇಕಿತ್ತು, ಬಾಯಿಗೆ ಹಾಗೆ ಬಂತು. "ನಿಮ್ಮ ಪುಸ್ತಕದಲ್ಲಿ ಪೆನ್ಸಿಲ್ಲಿಂದ ಏನಾದ್ರೂ ಬರ್ಕೊಂಡಿದ್ದೀರಾ?"

ಅವರು ಸಾಹೇಬರ ಮುಖ ನೋಡಿದರು. ಮಂಚದ ಮೇಲಿನ ಮಗುವನ್ನು ನೋಡಿದರು. ದೊಡ್ಡ ಬ್ಯಾಗಿನೊಳಗೆ ಕೈ ಹಾಕಿ ಬಹಳ ಹೊತ್ತು ಹುಡುಕಿದರು. ಒಂದು ಅರ್ಧ ತಿಂದ ಬನ್ನು ಹೊರಬಂತು, ಛತ್ರಿ ಬಂತು, ಇನ್ನಾರದೋ ಕಡತಗಳು ಬಂದವು, ಕೊನೆಗೆ ಪುಸ್ತಕ ಬಂತು.

"ಅಂಚಿನಲ್ಲಿದೆ," ಅಂದರು. "ಓದ್ಲಾ ಸಾರ್?"

"ಏನದು?"

ಮೇಡಂ ಓದಿದರು. ದನಿ ಸಣ್ಣದಾಗಿತ್ತು. "ನಾನು ಹೋದಾಗ ಮಗು ಜೇಬಿನಿಂದ ಎಣ್ಣೆಯ ಸೀಸೆ ತೆಗೆದು ದೊಡ್ಡಮ್ಮನ ಬೆರಳ ತುದಿಗಳಿಗೆ ಹಚ್ಚುತ್ತಿತ್ತು. ಒಂದೊಂದೇ ಬೆರಳು. ನಾನು ಪ್ರಶ್ನೆ ಕೇಳುತ್ತಿದ್ದರೂ ನಿಲ್ಲಿಸಲಿಲ್ಲ. ಇದನ್ನು ಬರೆಯಲು ಕಾಲಂ ಇಲ್ಲ." ಅವರು ನಿಲ್ಲಿಸಿದರು. "ಇನ್ನೊಂದು ಸಾಲಿದೆ ಸಾರ್. 'ಮನೆ ಇಷ್ಟು ಖಾಲಿ ಯಾಕೆ? ಕೇಳಬೇಕಿತ್ತು. ಇನ್ನೂ ಐದು ಮನೆ ಬಾಕಿ.'"

ಲಾಂಡ್ರಿ ಅಕ್ಕ ತನ್ನ ಕೈಗಳನ್ನು ಸೆರಗಿನಡಿ ಮುಚ್ಚಿಟ್ಟುಕೊಂಡಳು.

ಮೇಡಂ ಪುಸ್ತಕ ಮೇಜಿನ ಮೇಲಿಟ್ಟು ಪೆನ್ನು ತೆಗೆದರು. ಲಾಂಡ್ರಿ ಅಕ್ಕನ ಕಡೆ ತಿರುಗಿ, ಸಾಹೇಬರ ಕಡೆ ತಿರುಗದೆ, "ಅಕ್ಕಾ, ಮೊದಲಿಂದ ಶುರು ಮಾಡೋಣ. ಇದು ಯಾವ ಪೆಟ್ಟಿಗೆ?" ಅಂದರು.

"ಅಕ್ಕಿ ಡಬ್ಬ ಮೇಡಂ. ಅರ್ಧ ತುಂಬಿದೆ. ಮುಚ್ಚಳ ನೆಗ್ಗಿರೋದು ಟೈಪಮ್ಮ ಗೋಡೆಗೆ ಬಡಿದಿದ್ದಕ್ಕೆ."

"ಅದನ್ನೂ ಬರೀಲಾ?"

"ಬರೀರಿ."

ಹೀಗೆ ಒಂದೊಂದೇ ಆಯಿತು. ಮೇಡಂ ಒಂದು ಸಾಲು ಬರೆಯುವುದು, ಗಟ್ಟಿಯಾಗಿ ಓದುವುದು, ಅವಳು "ಹೌದು" ಅನ್ನುವುದು. ಎರಡು ಕಡೆ "ಇಲ್ಲ" ಅಂದಳು. "ಬಡತನದ ನಡುವೆಯೂ" ಅಂತ ಮೇಡಂ ಬರೆದಾಗ, "ಅದು ಬೇಡ, ಕೇಳೋಕೆ ನಾಟಕದ ಥರ ಇದೆ," ಅಂದಳು. ಮೇಡಂ ಹೊಡೆದುಹಾಕಿದರು. "ಆದರ್ಶ ಪಾಲಕಿ" ಅಂತ ಬರೆದಾಗ ಸಾಸಿವೆಯೇ ಮಂಚದಿಂದ ಕೂಗಿದಳು, "ಇಲ್ಲ! ಹೋಂವರ್ಕ್ ಮಾಡದಿದ್ರೆ ಬಯ್ತಾರೆ!" ಅದನ್ನೂ ಹೊಡೆದುಹಾಕಿದರು. ಅಂಥ ವರದಿ ನನ್ನ ಕೈಗೆ ಒಂದು ದಿನವೂ ಬಂದಿರಲಿಲ್ಲ.

ಸಾಹೇಬರು ಗಡಿಯಾರ ನೋಡಿದರು. ಪಕ್ಕದ ಇಬ್ಬರನ್ನು ನೋಡಿದರು. ಆ ಇಬ್ಬರೂ ಮೇಜಿನ ಮುಂದಕ್ಕೆ ಬಾಗಿ ಮಗುವಿನ ಚಿತ್ರ ನೋಡುತ್ತಿದ್ದರು. ಕೊನೆಗೆ ಅವರು ಒಪ್ಪಿಗೆ ಪತ್ರ ಹಿಂದಕ್ಕೆ ಎಳೆದುಕೊಂಡರು.

"ಮಗು ಸದ್ಯ ಇವರ ಹತ್ರನೇ ಇರ್ಲಿ. ಮೂರು ತಿಂಗಳಿಗೆ ಮತ್ತೆ ಮನೆ ನೋಡಿ," ಅಂದರು. "ಆದ್ರೆ ಹಳೇ ಹಾಳೆಗಳನ್ನ ಕಡತದಿಂದ ತೆಗೆಯೋಕಾಗಲ್ಲ. ನಿಯಮ."

ಲಾಂಡ್ರಿ ಅಕ್ಕ ಎದ್ದು ನಿಂತಳು. "ಮೂರನೇ ಪುಟದಲ್ಲಿ ಸಹಕರಿಸುವುದಿಲ್ಲ ಅಂತ ಇರುತ್ತಾ?"

"ಇರುತ್ತೆ."

"ಹಂಗಾದ್ರೆ ಅದರ ಪಕ್ಕದಲ್ಲಿ ಬರೀರಿ. ಕುರ್ಚಿ ಕೊಡಲಿಲ್ಲ ಅಂತ. ಕೊಡದೇ ಇದ್ದವರು ಯಾರು ಅಂತಾನೂ ಬರೀರಿ."

"ಅದು ಹೇಗಮ್ಮಾ..."

"ಬರೆಯೋವರೆಗೂ ನಾವು ಇಲ್ಲೇ ಇರ್ತೀವಿ ಸಾರ್. ನಮಗೇನು ತೊಂದರೆ ಇಲ್ಲ. ಮನೆ ಇಲ್ಲೇ ಇದೆಯಲ್ಲ." ಸ್ಟವ್ ಕಡೆ ನೋಡಿ ಸೇರಿಸಿದಳು, "ಚಹಾ ಮಾಡ್ಲಾ? ನಿಮಗೆ ಸಕ್ಕರೆ ಎಷ್ಟು?"

ಸಾಹೇಬರು ಬರೆದರು. ತಮ್ಮ ಕೈಯಾರೆ, ಪೆನ್ನಿನಲ್ಲಿ. ಅವಳು ಅದನ್ನು ನನ್ನಿಂದ ಎರಡು ಸಲ ಓದಿಸಿದಳು. ಆಮೇಲೆ ಅದರ ಕೆಳಗೆ ತಾನು ಸಹಿ ಹಾಕಿದಳು. ಆ ದಿನ ಅವಳು ಹಾಕಿದ ಒಂದೇ ಸಹಿ ಅದು.

ಚಪ್ಪಲಿ ಹೊಲಿಯುವವನ ಕಡತದ ಪಕ್ಕದಲ್ಲಿ ಯಾರೂ ಏನೂ ಬರೆಯಲಿಲ್ಲ. ಅದು ಎಲ್ಲೋ ಒಂದು ಕಪಾಟಿನಲ್ಲಿ ಹಾಗೆಯೇ ಇರುತ್ತದೆ. ಇದನ್ನು ನಾನು ಇಲ್ಲಿ ಬರೆಯುತ್ತಿದ್ದೇನೆ: ಅವನು ಕುಡಿಯುತ್ತಿರಲಿಲ್ಲ.

ಮೂರು ತಿಂಗಳಾಯಿತು. ಮೇಡಂ ಬರುವ ದಿನ ಬೆಳಗ್ಗೆ ಲಾಂಡ್ರಿ ಅಕ್ಕ ಮತ್ತೆ ನನ್ನ ಬಾಗಿಲಿಗೆ ಬಂದಳು. ನನಗೆ ಗಾಬರಿಯಾಯಿತು. ಈ ಸಲ ಅವಳಿಗೆ ಬೇಕಾಗಿದ್ದದ್ದು ನನ್ನ ಸಾಮಾನು. ನನ್ನ ಕುರ್ಚಿ, ನನ್ನ ಪುಸ್ತಕದ ರಾಶಿ, ನನ್ನ ಎರಡು ದಿಂಬು, ಗೋಡೆ ಗಡಿಯಾರ. "ತುಂಬಿಸ್ಬಿಡ್ತೀನಿ ಟೈಪಮ್ಮ. ಕಾಲಿಡೋಕೆ ಜಾಗ ಇರಬಾರ್ದು."

"ಬೇಡ ಕಣೇ," ಅಂದೆ. "ಇದ್ದ ಹಾಗೆ ಇರ್ಲಿ."

"ಇದ್ದ ಹಾಗೆ ಇದ್ರೆ ಅವರು ಏನು ಬರೀತಾರೋ?"

"ಇವತ್ತು ಕೇಳಿ ಬರೀತಾರೆ."

ಅವಳು ಯೋಚನೆ ಮಾಡಿ, ಕುರ್ಚಿ ಒಂದನ್ನು ಮಾತ್ರ ತೆಗೆದುಕೊಂಡು ಹೋದಳು.

ಮೇಡಂ ಬಂದರು. ಚಪ್ಪಲಿ ಹೊಸದಾಗಿತ್ತು. ಲಾಂಡ್ರಿ ಅಕ್ಕ ಕುರ್ಚಿ ತೋರಿಸಿ, "ಕೂತ್ಕೊಳ್ಳಿ ಮೇಡಂ. ನಿಂತ್ರೆ ಏನಂತ ಬರೀತಾರೆ ನಿಮಗೇ ಗೊತ್ತಲ್ಲ," ಅಂದಳು. ಮೇಡಂ ನಕ್ಕು ಕೂತರು. ಎದುರಿಗೆ, ಮಂಚದ ಮೇಲೆ, ಸಾಸಿವೆ ಆಗಲೇ ತನ್ನ ನೋಟ್‌ಬುಕ್ ತೆರೆದು ಕಾದಿದ್ದಳು. ಮೇಡಂ ಬರೆಯುತ್ತಿದ್ದಷ್ಟು ಹೊತ್ತೂ ಅವಳೂ ಮೇಡಂ ಮುಖ ನೋಡಿ ನೋಡಿ ಬರೆದಳು. ಮೇಡಂ ತಮ್ಮದನ್ನು ಓದಿ ಹೇಳಿ ಹೊರಟ ಮೇಲೆ ನೋಟ್‌ಬುಕ್ ನನ್ನ ಕೈಗೆ ಬಂತು. "ತಪ್ಪಿದ್ರೆ ಹೇಳಿ ಟೈಪಮ್ಮ," ಅಂದಳು.

ಹೀಗಿತ್ತು:

"ಬ್ಯಾಗಿನ ಮೇಡಂ ಬಂದರು. ಕೂರಿ ಅಂದ ಕೂಡಲೇ ಕೂತರು. ನೀರು ಕುಡಿದರು. ದೊಡ್ಡಮ್ಮನ ಕೈ ಹೇಗಿದೆ ಅಂತ ಕೇಳಿದರು. ಸಹಕರಿಸಿದರು. ಅವರಿಗೆ ಇವತ್ತು ಇನ್ನೂ ನಾಲ್ಕು ಮನೆ ಇದೆ, ಊಟ ಮಾಡಿಲ್ಲ, ಅವರ ಸಾಹೇಬರು ನಿರ್ಲಕ್ಷ್ಯ ಮಾಡುತ್ತಿದ್ದಾರೆ. ಟೈಪಮ್ಮ ಹಲಗೆ ಗೋಡೆಗೆ ಕಿವಿ ಇಟ್ಟು ಕೇಳುತ್ತಿದ್ದರು, ನನಗೆ ಗೊತ್ತಾಯಿತು. ಆಮೇಲೆ ಒಳಗೆ ಬಂದರು. ಅತ್ತಿದ್ದರು. ಯಾಕೆ ಅಂತ ಕೇಳಿದೆ. ಈರುಳ್ಳಿ ಅಂದರು. ಅವರ ಮನೆಯಲ್ಲಿ ಈರುಳ್ಳಿ ಇರಲಿಲ್ಲ."

ಒಂದೂ ತಪ್ಪಿರಲಿಲ್ಲ. ಪೂರ್ತಿ ಪೆನ್ನಿನಲ್ಲೇ ಬರೆದಿದ್ದಳು.